ಆರು ರೂಪಾಯಿಯ ಕಲರ್ ಫೋಟೋ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನನಗೆ ವೇದಿಕೆಯ ಮೇಲೆ ಮಾತಾಡಿ ಅಭ್ಯಾಸವಿಲ್ಲ. ಪೇಟೆಯಲ್ಲಿ ಮೂವತ್ತೆರಡು ವರ್ಷ ಫೋಟೋ ಸ್ಟುಡಿಯೋ ನಡೆಸಿದವನು ನಾನು. ಅಲ್ಲಿ ನನ್ನ ಭಾಷಣವೆಂದರೆ ಮೂರೇ ಮಾತು: ಗದ್ದ ಸ್ವಲ್ಪ ಕೆಳಗೆ, ಅಲ್ಲಾಡಬೇಡಿ, ಆಯ್ತು. ಇವತ್ತು ಸಮಿತಿಯವರು ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. "ಶಾಲೆಯ ನೆನಪು ಏನಾದರೂ ಹೇಳಿ" ಅಂದರು. ನನ್ನ ಹತ್ತಿರ ಹೇಳುವಂಥ ನೆನಪು ಇರುವುದು ಒಂದೇ. ಅದೂ ಹೆಮ್ಮೆಯದಲ್ಲ.

ಮೇಜಿನ ಮೇಲೆ ಒಂದು ಕಪ್ಪು ಪೆಟ್ಟಿಗೆ ಇಟ್ಟಿದ್ದೇನಲ್ಲ, ಬೆಳಗ್ಗೆಯಿಂದ ಮಕ್ಕಳೆಲ್ಲ ಅದರ ಸುತ್ತಲೇ ಇದ್ದಾರೆ. ಎಂಟನೇ ತರಗತಿಯ ಹುಡುಗನೊಬ್ಬ "ಅಂಕಲ್, ಇದು ಬೈನಾಕ್ಯುಲರಾ?" ಅಂತ ಕೇಳಿದ. ಒಂದರ ಮೇಲೊಂದು ಎರಡು ಕಣ್ಣು ಇರುವುದರಿಂದ ಹಾಗನ್ನಿಸಿದ್ದು ಸರಿಯೇ. ಇದು ರೋಲೈಕಾರ್ಡ್ ಕ್ಯಾಮೆರಾ. ಜರ್ಮನಿಯ ಬ್ರೌನ್‌ಶ್ವೈಗ್ ಪಟ್ಟಣದಲ್ಲಿ ಫ್ರಾಂಕೆ ಮತ್ತು ಹೈಡೆಕೆ ಎನ್ನುವವರ ಕಾರ್ಖಾನೆಯಲ್ಲಿ, ಎರಡನೇ ಮಹಾಯುದ್ಧಕ್ಕೆ ಮುಂಚೆ ಆದದ್ದು. ಮೇಲಿನ ಕಣ್ಣು ನಾವು ನೋಡುವುದಕ್ಕೆ, ಕೆಳಗಿನದು ಫಿಲ್ಮು ನೋಡುವುದಕ್ಕೆ. ಇದನ್ನು ಕಣ್ಣಿಗೆ ಹಿಡಿಯುವ ಹಾಗಿಲ್ಲ. ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು. ಒಳಗೆ ಕಾಣುವ ಚಿತ್ರದಲ್ಲಿ ಎಡ ಬಲ ಅದಲು ಬದಲು. "ಆ ಎಡಗಡೆಯವನು ಸ್ವಲ್ಪ ಸರಿಯಪ್ಪಾ" ಅಂದರೆ ಬಲಗಡೆಯವನು ಸರಿಯಬೇಕು. ನಮ್ಮ ಡ್ರಾಯಿಂಗ್ ಮೇಷ್ಟ್ರು ಹೀಗೆ ತಲೆ ಬಗ್ಗಿಸಿ ನಿಂತರೆ, ಎದುರಿಗಿದ್ದವರಿಗೆ ನಮಸ್ಕಾರ ಮಾಡುತ್ತಿದ್ದಾರೆಯೋ ಅನ್ನಿಸುತ್ತಿತ್ತು.

ಹೌದು, ಕ್ಯಾಮೆರಾ ಅವರದು. ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದಾರೆ, ಎಂಬತ್ತೊಂಬತ್ತು ವರ್ಷ. ನಾನು ಏನು ಹೇಳುತ್ತೇನೆ ಅಂತ ಅವರಿಗೆ ಗೊತ್ತಿಲ್ಲ. ಮೇಷ್ಟ್ರೇ, ಮೈಕಿನ ಸದ್ದು ಸಾಲದಿದ್ದರೆ ಕೈ ಎತ್ತಿ.

ಕಾಫಿ ತೋಟವೊಂದರಲ್ಲಿ ಮ್ಯಾನೇಜರ್ ಆಗಿದ್ದವರು ಊರು ಬಿಟ್ಟು ಹೋಗುವಾಗ ಮೇಷ್ಟ್ರು ಇದನ್ನು ಕಂತಿನಲ್ಲಿ ಕೊಂಡುಕೊಂಡರಂತೆ. ನಮ್ಮ ಮಳೆಗಾಲ ನಿಮಗೇ ಗೊತ್ತಲ್ಲ. ಚಪ್ಪಲಿಗೆ ಬೂಸ್ಟು, ಪುಸ್ತಕಕ್ಕೆ ಬೂಸ್ಟು, ಹಪ್ಪಳಕ್ಕೆ ಬೂಸ್ಟು. ಲೆನ್ಸಿಗೂ ಬೂಸ್ಟು ಹಿಡಿಯುತ್ತದೆ. ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಎಳೆ ಎಳೆಯಾಗಿ ಹಬ್ಬಿ, ಕೊನೆಗೆ ಗಾಜನ್ನೇ ಕೊರೆಯುತ್ತದೆ. ಮೇಷ್ಟ್ರು ಹಾರ್ಲಿಕ್ಸ್ ಬಾಟ್ಲಿಯ ಬಿಸ್ಕತ್ತಿನ ಡಬ್ಬಿಯ ಗೊಡವೆಗೆ ಹೋಗದೆ, ದೊಡ್ಡ ತಗಡಿನ ಡಬ್ಬಿಯಲ್ಲಿ ಹುರಿದ ಅಕ್ಕಿ ತುಂಬಿಸಿ, ಅದರ ಮೇಲೆ ಬಟ್ಟೆ ಹಾಸಿ ಕ್ಯಾಮೆರಾ ಇಡುತ್ತಿದ್ದರು. ತೇವ ಅಕ್ಕಿಗೆ, ಕ್ಯಾಮೆರಾ ಬಚಾವು. ಅಕ್ಕಿಯನ್ನು ಹದಿನೈದು ದಿನಕ್ಕೊಮ್ಮೆ ಮತ್ತೆ ಹುರಿಯಬೇಕಿತ್ತು. ಅಮ್ಮಾವರು ಎಷ್ಟು ಬೈದಿರಬೇಕೋ.

ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ "ಇಂದು" ಕಪ್ಪು ಬಿಳುಪು ರೀಲು ಹಾಕಿ, ಒಂದು ರೀಲಿಗೆ ಹನ್ನೆರಡು ಫೋಟೋದಂತೆ ಅವರು ಈ ಶಾಲೆಯ ಮೊದಲ ವರ್ಷಗಳನ್ನೆಲ್ಲ ತೆಗೆದರು. ಪ್ರದರ್ಶನದ ಕೋಣೆಯಲ್ಲಿ ಹೋಗಿ ನೋಡಿ. ಮಣ್ಣಿನ ಗೋಡೆ ಏಳುತ್ತಿರುವುದು, ಮೊದಲ ಸ್ವಾತಂತ್ರ್ಯೋತ್ಸವ, ಕಬಡ್ಡಿ ತಂಡ, ಎಲ್ಲ ಅವರದೇ. ಒಂದೊಂದೂ ಚಾಕುವಿನಿಂದ ಕೊರೆದ ಹಾಗಿದೆ.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ. 1982ರ ಫೆಬ್ರವರಿ. ನಾವು ನಲವತ್ತೊಂದು ಜನ ಎಸ್ಸೆಸ್ಸೆಲ್ಸಿ. ಬೀಳ್ಕೊಡುಗೆಯ ಗ್ರೂಪ್ ಫೋಟೋ ಈ ಸಲ ಕಲರಿನಲ್ಲೇ ಆಗಬೇಕು ಅಂತ ಹಠ ಹಿಡಿದವರಲ್ಲಿ ನಾನು ಮುಂದೆ. ನಮ್ಮ ಮಾವನ ಮಗಳ ಮದುವೆಯಲ್ಲಿ ಬೆಂಗಳೂರಿನವರು ಕಲರ್ ಫೋಟೋ ತೆಗೆದಿದ್ದರು. ಅದನ್ನು ನೋಡಿ ಬಂದಾಗಿನಿಂದ ನನಗೆ ಕಪ್ಪು ಬಿಳುಪು ಅಂದರೆ ತಾತ್ಸಾರ. ಮೇಷ್ಟ್ರು ಮೊದಲು ಬೇಡ ಅಂದರು. "ಈ ಲೆನ್ಸು ಕಲರು ಕಂಡದ್ದಲ್ಲ ಕಣ್ರೋ" ಅಂದರು. ನಾವು ಬಿಡಲಿಲ್ಲ. ತಲಾ ಆರು ರೂಪಾಯಿ ಎತ್ತಿದೆವು. ಒಂದು ಕಲರ್ ರೀಲು ಪೇಟೆಯಿಂದ ತರಿಸಿದರು. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ, ಹೊಸದಾಗಿ ಸುಣ್ಣ ಬಳಿದ ಇದೇ ಹಳೆ ಕಟ್ಟಡದ ಗೋಡೆಯ ಮುಂದೆ ನಮ್ಮನ್ನು ಮೂರು ಸಾಲು ನಿಲ್ಲಿಸಿದರು. ಹುಡುಗರು ಬಿಳಿ ಅಂಗಿ, ಖಾಕಿ ಚಡ್ಡಿ. ಹುಡುಗಿಯರು ನೀಲಿ ಲಂಗ, ಬಿಳಿ ದಾವಣಿ. ಬಿಸಿಲು ಕಣ್ಣಿಗೆ ಕುಕ್ಕುತ್ತಿತ್ತು. ಹುಡುಗಿಯರ ಸಾಲಿನ ಕೊನೆಯವಳು ಜಾಗ ಸಾಲದೆ ಸೂರಿನ ನೆರಳಿಗೆ ಸರಿದು ನಿಂತಳು. ಅವಳ ವಿಷಯ ಆಮೇಲೆ ಬರುತ್ತದೆ.

ರೀಲು ಬಸ್ಸಿನಲ್ಲಿ ದೊಡ್ಡ ಊರಿನ ಲ್ಯಾಬಿಗೆ ಹೋಯಿತು. ಮೂರು ವಾರದ ಮೇಲೆ ಪ್ರಿಂಟುಗಳು ಬಂದವು. ನಾವು ನಲವತ್ತೊಂದು ಜನ ಮುತ್ತಿಗೆ ಹಾಕಿ ನೋಡಿದೆವು. ಬಿಳಿ ಸುಣ್ಣದ ಗೋಡೆ ಬೂದಿಯ ಬಣ್ಣಕ್ಕಿತ್ತು. ಮುಖಗಳೆಲ್ಲ ಕಪ್ಪು. ಕಪ್ಪೂ ಸರಿಯಾದ ಕಪ್ಪಲ್ಲ; ಇಡೀ ಚಿತ್ರದ ಮೇಲೆ ಅಕ್ಕಿ ತೊಳೆದ ಅಕ್ಕಚ್ಚು ಚೆಲ್ಲಿದ ಹಾಗೆ ಮಂಕು, ನೆರಳಿನ ಕಡೆಯೆಲ್ಲ ನೀಲಿ. ಸೂರಿನ ಕೆಳಗಿದ್ದ ಹುಡುಗಿಯ ಜಾಗದಲ್ಲಿ ಒಂದು ಕಲೆ, ಅದರಲ್ಲಿ ನಾಲ್ಕು ಹಲ್ಲು. ಮೂಲೆಯಲ್ಲಿ ಒಂದು ಕೆಂಪು ಬೊಟ್ಟು ಬೇರೆ.

ನಗು ಶುರುವಾಯಿತು. ಆಮೇಲೆ ಸಿಟ್ಟು. ನಾನು ಎದ್ದು ನಿಂತು, ಮೇಷ್ಟ್ರ ಎದುರಿಗೇ ಹೇಳಿದೆ: "ಸಾರ್, ಈ ಫೋಟೋಗೆ ನಾವು ದುಡ್ಡು ಕೊಡಲ್ಲ. ವಾಪಸ್ ಕೊಡಿ." ನನ್ನ ಹಿಂದೆ ಎಂಟು ಜನ ಎದ್ದರು. ಮೇಷ್ಟ್ರು ಏನೂ ಹೇಳಲಿಲ್ಲ. ಮರುದಿನ ಒಂದು ಲಕೋಟೆಯಲ್ಲಿ ಐವತ್ತನಾಲ್ಕು ರೂಪಾಯಿ ತಂದು ಮೇಜಿನ ಮೇಲಿಟ್ಟರು. ಯಾವ ನಿಧಿಯದೂ ಅಲ್ಲ, ಸ್ವಂತದ್ದು. ಫೆಬ್ರವರಿ ಕೊನೆ, ಅವರಿಗೆ ಸಂಬಳ ಬಂದಿರಲಿಲ್ಲ ಅನ್ನುವುದು ಈಗ ಲೆಕ್ಕ ಹಾಕಿದರೆ ತಿಳಿಯುತ್ತದೆ. ನನ್ನ ಆರು ರೂಪಾಯಿಯಲ್ಲಿ ನಾನು ಟೂರಿಂಗ್ ಟಾಕೀಸಿಗೆ ಹೋದೆ, ಮಸಾಲೆ ದೋಸೆ ತಿಂದೆ.

ಆ ವರ್ಷದ ನಂತರ ಮೇಷ್ಟ್ರು ಶಾಲೆಯ ಫೋಟೋ ತೆಗೆಯಲಿಲ್ಲ. 1983ರಿಂದ ಗ್ರೂಪ್ ಫೋಟೋಗಳೆಲ್ಲ ಪೇಟೆಯ ಸ್ಟುಡಿಯೋದವರವು. ಪ್ರದರ್ಶನದಲ್ಲಿ ಆ ವ್ಯತ್ಯಾಸ ಕಾಣುತ್ತದೆ: ಆಮೇಲಿನ ಫೋಟೋಗಳಲ್ಲಿ ಸಾಲಾಗಿ ನಿಂತ ಮಕ್ಕಳು ಮಾತ್ರ ಇದ್ದಾರೆ. ಗಾರೆಯವನು, ಬಿಸಿಲಲ್ಲಿ ಒಣಗಿಸಿದ ನಕಾಶೆ, ಬಾವಿಕಟ್ಟೆ, ಇವೆಲ್ಲ ನಿಂತುಹೋದವು.

ವಿಚಿತ್ರ ಏನೆಂದರೆ, ನಾನು ಫೋಟೋಗ್ರಾಫರ್ ಆದೆ. 1988ರಲ್ಲಿ ಸ್ಟುಡಿಯೋ ಹಾಕಿದೆ. 1993ರಲ್ಲಿ ಮೇಷ್ಟ್ರು ನಿವೃತ್ತರಾದರು. ಒಂದು ದಿನ ಬಸ್ಸಿಳಿದು ನೇರ ಸ್ಟುಡಿಯೋಕ್ಕೆ ಬಂದು, ಈ ಕ್ಯಾಮೆರಾವನ್ನೂ ನೆಗೆಟಿವ್ ತುಂಬಿದ ಒಂದು ಡಬ್ಬಿಯನ್ನೂ ಕೌಂಟರ್ ಮೇಲಿಟ್ಟರು. "ಮಗನ ಮನೆಗೆ ಹೋಗ್ತಿದೀನಿ. ಅಲ್ಲಿ ಅಕ್ಕಿ ಹುರಿಯೋರು ಯಾರೂ ಇಲ್ಲ. ಬೂಸ್ಟು ಹಿಡಿಯೋಕೆ ಬಿಡಬೇಡ" ಅಂದರು. ನನಗೇ ಯಾಕೆ ಕೊಟ್ಟರು ಅಂತ ಕೇಳುವ ಧೈರ್ಯ ಬರಲಿಲ್ಲ. ಕಾಫಿ ತರಿಸಿದೆ, ಕುಡಿದರು, ಹೋದರು. ನಾನು ಎರಡನ್ನೂ ಬೀರುವಿನ ಮೇಲಿಟ್ಟೆ.

1996ರಲ್ಲಿ ಒಬ್ಬರು ಸ್ಟುಡಿಯೋಕ್ಕೆ ಬಂದರು. ನಮ್ಮ ಊರಿನವರೇ, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಹೊಸ ಮನೆ ಕಟ್ಟಿಸಿದ್ದರು. ಗೋಡೆಗೆ ತೀರಿಕೊಂಡವರ ಫೋಟೋ ಹಾಕಬೇಕಿತ್ತು. ಅಪ್ಪನದು ಇದೆ, ಅಜ್ಜಿಯದು ಇದೆ. ತಂಗಿಯದು ಇಲ್ಲ. "ನಿಮ್ಮ ಕ್ಲಾಸಿನವಳೇ ಅಲ್ವಾ, ಗ್ರೂಪ್ ಫೋಟೋ ಇರಬಹುದಲ್ಲ" ಅಂದರು. ಸೂರಿನ ಕೆಳಗೆ ನಿಂತಿದ್ದವಳು. ಪರೀಕ್ಷೆ ಬರೆದು, ಪಾಸಾಗಿ, ಆ ವರ್ಷದ ಮಳೆಗಾಲ ಮುಗಿಯುವುದರೊಳಗೆ ಜ್ವರದಲ್ಲಿ ಹೋದಳು. ಅವಳು ಕ್ಯಾಮೆರಾದ ಮುಂದೆ ನಿಂತದ್ದು ಅದೊಂದೇ ಸಲ.

ಅವರ ಹತ್ತಿರ ಪ್ರಿಂಟು ಇತ್ತು. ತಂದಿದ್ದರು. ಹದಿನಾಲ್ಕು ವರ್ಷದಲ್ಲಿ ಅದು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಕಲರ್ ಪ್ರಿಂಟಿನಲ್ಲಿ ಮೂರು ಬಣ್ಣದ ಪದರ ಇರುತ್ತದೆ; ಆ ಕಾಲದ ಕಾಗದಗಳಲ್ಲಿ ನೀಲಿ ಹಸಿರಿನ ಪದರ ಬೇಗ ಸೋಲುತ್ತಿತ್ತು, ಆಲ್ಬಮಿನೊಳಗೆ ಕತ್ತಲಲ್ಲಿಟ್ಟರೂ ಸೋಲುತ್ತಿತ್ತು. ಉಳಿಯುವುದು ಕೆಂಪು. ನಿಮ್ಮ ಮನೆಯ ಎಂಬತ್ತರ ದಶಕದ ಮದುವೆ ಆಲ್ಬಮ್ ತೆಗೆದು ನೋಡಿ, ವರನೂ ಕೆಂಪು, ವಧುವೂ ಕೆಂಪು, ಬಾಳೆಕಂಬವೂ ಕೆಂಪು.

ಆಗ ಬೀರುವಿನ ಮೇಲಿನ ಡಬ್ಬಿ ಇಳಿಸಿದೆ. ಮೇಷ್ಟ್ರು ಪ್ರತಿ ರೀಲನ್ನೂ ಬೆಣ್ಣೆ ಕಾಗದದಲ್ಲಿ ಸುತ್ತಿ, ಮೇಲೆ ತಾರೀಕು ಬರೆದಿದ್ದರು. ಜೊತೆಗೆ ಒಂದು ನೂರು ಪುಟದ ನೋಟ್ ಪುಸ್ತಕ. ನಮ್ಮ ರೀಲಿನ ಎದುರಿಗೆ ಅವರ ದುಂಡನೆಯ ಅಕ್ಷರದಲ್ಲಿ ಹೀಗಿತ್ತು: "ಬಿಸಿಲು. ಎಫ್ 11, 1/50. ಗೋಡೆ ಬಿಳಿ, ಮಕ್ಕಳ ಮುಖ ಕಪ್ಪು. ಮುಖಕ್ಕೆ ಕೊಟ್ಟಿದ್ದೇನೆ."

ಮಕ್ಕಳೇ, ಇದು ಸ್ವಲ್ಪ ಲೆಕ್ಕ, ಕೇಳಿ. ಬೆಳಕು ಅಳೆಯುವ ಮೀಟರ್ ಇಲ್ಲದಿದ್ದಾಗ ಹಳಬರದು ಒಂದು ಸೂತ್ರ: ಚೊಕ್ಕ ಬಿಸಿಲಿನಲ್ಲಿ ಲೆನ್ಸಿನ ಕಿಂಡಿ ಎಫ್ 16 ಇಟ್ಟು, ಫಿಲ್ಮಿನ ವೇಗ ಎಷ್ಟೋ ಸೆಕೆಂಡಿನ ಅಷ್ಟನೇ ಒಂದು ಪಾಲು ಶಟರ್ ತೆರೆಯಬೇಕು. 100ರ ಫಿಲ್ಮಿಗೆ 1/100. ಮೇಷ್ಟ್ರು ಕಿಂಡಿಯನ್ನು ಒಂದು ಮೆಟ್ಟಿಲು ಅಗಲ ಮಾಡಿದ್ದಾರೆ, ಶಟರನ್ನು ಒಂದು ಮೆಟ್ಟಿಲು ನಿಧಾನ ಮಾಡಿದ್ದಾರೆ. ಅಂದರೆ ಸೂತ್ರ ಹೇಳಿದ್ದಕ್ಕಿಂತ ನಾಲ್ಕು ಪಟ್ಟು ಬೆಳಕು. ತಪ್ಪಿ ಕೊಟ್ಟದ್ದಲ್ಲ, ಬೇಕೆಂದೇ ಕೊಟ್ಟದ್ದು. ಕಲರ್ ನೆಗೆಟಿವ್ ಫಿಲ್ಮಿನ ಸ್ವಭಾವ ಅವರಿಗೆ ಗೊತ್ತಿತ್ತು: ಬೆಳಕು ಹೆಚ್ಚಾದರೆ ಸಹಿಸುತ್ತದೆ, ಕಡಿಮೆಯಾದರೆ ಕ್ಷಮಿಸುವುದಿಲ್ಲ. ಕಲರ್ ಫಿಲ್ಮನ್ನೇ ಮುಟ್ಟಿರದ ಮನುಷ್ಯ ಪೊಟ್ಟಣದ ಕಾಗದ ಓದಿ ಇಷ್ಟು ತಿಳಿದುಕೊಂಡಿದ್ದರು.

ನೆಗೆಟಿವನ್ನು ದೀಪಕ್ಕೆ ಹಿಡಿದೆ. ಕಿತ್ತಳೆ ಬಣ್ಣದ ಪಟ್ಟಿಯಲ್ಲಿ ನಾವೆಲ್ಲ ತಿರುವುಮುರುವು ಬಣ್ಣದಲ್ಲಿ ನಿಂತಿದ್ದೇವೆ. ಭೂತಗನ್ನಡಿ ಇಟ್ಟೆ. ಸೂರಿನ ಕೆಳಗೆ ಖಾಲಿ ಇರಲಿಲ್ಲ. ಅಲ್ಲಿ ಏನೋ ಇತ್ತು.

ಆಗ ನನ್ನ ಹತ್ತಿರ ಕಲರ್ ಹೆಡ್ ಇದ್ದ ಒಂದು ಹಳೆಯ ಎನ್ಲಾರ್ಜರ್ ಇತ್ತು. ಕಪ್ಪು ಬಿಳುಪು ಪ್ರಿಂಟನ್ನು ಕೆಂಪು ದೀಪದಲ್ಲಿ ಮಾಡಬಹುದು, ಚಿತ್ರ ಏಳುವುದನ್ನು ಕಣ್ಣಾರೆ ನೋಡಬಹುದು. ಕಲರ್ ಕಾಗದಕ್ಕೆ ಎಲ್ಲ ಬಣ್ಣವೂ ಕಾಣುತ್ತದೆ, ಹಾಗಾಗಿ ಕುರುಡನ ಹಾಗೆ ಕತ್ತಲಲ್ಲಿ ತಡವಿ ಮಾಡಬೇಕು. ರಾತ್ರಿ ಒಂಬತ್ತಕ್ಕೆ ಶುರು ಮಾಡಿದೆ. ಒಂದು ತುಂಡು ಕಾಗದ, ಹಳದಿ ಫಿಲ್ಟರ್ ಇಷ್ಟು, ಮೆಜೆಂಟಾ ಇಷ್ಟು, ತೊಳೆ, ಒಣಗಿಸು, ನೋಡು. ಮತ್ತೆ ಇನ್ನೊಂದು ತುಂಡು. ಹನ್ನೊಂದನೆಯ ತುಂಡಿನಲ್ಲಿ ಗೋಡೆ ಬಿಳಿಯಾಯಿತು. ಖಾಕಿ ಖಾಕಿಯಾಯಿತು. ನಮ್ಮ ಮುಖಗಳು ನಮ್ಮ ಮುಖಗಳಾದವು. ಸೂರಿನ ಕೆಳಗೆ ಕೈ ಅಡ್ಡ ಹಿಡಿದು ಪಕ್ಕಕ್ಕೆ ಬೇರೆ ಹೊತ್ತು ಕೊಟ್ಟಾಗ ಅವಳು ಬಂದಳು. ಬರೀ ಹಲ್ಲಲ್ಲ. ಕಣ್ಣು, ಹುಬ್ಬಿನ ನಡುವಿನ ಬೊಟ್ಟು, ಬಲಗಡೆಯ ಜಡೆಯಲ್ಲಿ ಹೂವು. ಹೂವಿನ ಬಣ್ಣ ಕಿತ್ತಳೆ.

ಮರುದಿನ ಅವಳ ಅಣ್ಣ ಬಂದು ನೋಡಿದರು. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಬೆರಳಿಟ್ಟು "ಕನಕಾಂಬರ. ನಮ್ಮ ಹಿತ್ತಿಲಿಂದೇ" ಅಂದರು.

ಕಪ್ಪು ಬಿಳುಪು ಫೋಟೋ ಆಗಿದ್ದರೆ ಅದು ಯಾವ ಹೂವೆಂದು ಹೇಳಲು ಆಗುತ್ತಿರಲಿಲ್ಲ.

ಹಾಗಾದರೆ ಲ್ಯಾಬಿನ ಪ್ರಿಂಟು ಯಾಕೆ ಹಾಗೆ ಬಂತು? ನನ್ನ ವೃತ್ತಿಯಲ್ಲಿ ನಾನು ಅತಿ ಹೆಚ್ಚು ಯೋಚಿಸಿದ್ದು ಇದನ್ನೇ. ಪ್ರಿಂಟ್ ಹಾಕುವ ಯಂತ್ರ ಮುಖ ನೋಡುವುದಿಲ್ಲ. ಪ್ರತಿಯೊಂದು ಚಿತ್ರವನ್ನೂ ಕಲಸಿದರೆ ಒಟ್ಟಿಗೆ ಬೂದು ಬಣ್ಣ ಬರುತ್ತದೆ ಅನ್ನುವ ನಂಬಿಕೆಯ ಮೇಲೆ ಅದು ಕೆಲಸ ಮಾಡುತ್ತದೆ. ಮದುವೆಮನೆಯ ಭಟ್ಟರು ರುಚಿ ನೋಡದೆ ಎಲ್ಲ ಹಂಡೆಗೂ ಒಂದೇ ಬೊಗಸೆ ಉಪ್ಪು ಹಾಕಿದ ಹಾಗೆ. ನಮ್ಮ ಚಿತ್ರದಲ್ಲಿ ಅರ್ಧಕ್ಕರ್ಧ ಸುಣ್ಣದ ಗೋಡೆ. ಯಂತ್ರ ಆ ಗೋಡೆಯನ್ನು ಬೂದು ಮಾಡಿತು, ಅದರ ಜೊತೆ ನಮ್ಮ ಮುಖಗಳನ್ನು ಇನ್ನೂ ಕೆಳಗೆ ತಳ್ಳಿತು. ಇನ್ನೊಂದು ಸಂಗತಿ ನನಗೆ ಬಹಳ ತಡವಾಗಿ ತಿಳಿಯಿತು. ಅಮೆರಿಕದ ಕೊಡ್ಯಾಕ್ ಕಂಪನಿ ಲ್ಯಾಬುಗಳಿಗೆ ಬಣ್ಣ ಸರಿ ಹೊಂದಿಸಿಕೊಳ್ಳಲು ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಶಿರ್ಲಿ ಕಾರ್ಡ್ ಅಂತ ಹೆಸರು. ಅದರಲ್ಲಿ ಇದ್ದದ್ದು ಬಿಳಿ ಮೈಬಣ್ಣದ ಹೆಂಗಸು. ದಶಕಗಳ ಕಾಲ ಅವಳ ಕೆನ್ನೆ ಸರಿಯಾಗಿ ಬಂದರೆ ಎಲ್ಲವೂ ಸರಿ ಅಂತ ಲೆಕ್ಕ. ಗದ್ದೆಯಲ್ಲಿ ಸಸಿ ನೆಟ್ಟು ಶಾಲೆಗೆ ಬರುತ್ತಿದ್ದ ನಮ್ಮ ಕೆನ್ನೆ ಆ ಲೆಕ್ಕದಲ್ಲಿ ಎಲ್ಲಿ ಬರಬೇಕು?

ಲೆನ್ಸಿನ ತಪ್ಪು ಏನೂ ಇರಲಿಲ್ಲವೇ? ಇತ್ತು. ಮೇಷ್ಟ್ರು ಮೊದಲೇ ಹೇಳಿದ್ದರಲ್ಲ. ರಾತ್ರಿ ಬಸ್ಸಿನ ಕಿಟಕಿಯಲ್ಲಿ ಹೊರಗೆ ನೋಡಿದರೆ ನಿಮ್ಮ ಮುಖವೇ ಕಾಣುತ್ತದೆ. ಗಾಜು ಬೆಳಕನ್ನು ಪೂರ್ತಿ ದಾಟಲು ಬಿಡುವುದಿಲ್ಲ. ಒಂದೊಂದು ಮೈಯಲ್ಲೂ ನೂರಕ್ಕೆ ನಾಲ್ಕು ಪಾಲು ಹಿಂದಕ್ಕೆ ಎಸೆಯುತ್ತದೆ. ಈ ಲೆನ್ಸಿನ ಹೆಸರು ಟ್ರಯೋಟಾರ್, ಕಾರ್ಲ್ ಝೈಸ್ ಕಂಪನಿಯದು. ಒಳಗೆ ಬಿಡಿ ಬಿಡಿಯಾಗಿ ಮೂರು ಗಾಜು, ಅಂದರೆ ಆರು ಮೈ. ನೂರು ಪಾಲು ಬೆಳಕು ಹೊಕ್ಕರೆ ನೇರವಾಗಿ ದಾಟುವುದು ಸುಮಾರು 78. ಉಳಿದದ್ದರಲ್ಲಿ ಒಂದಷ್ಟು ಗಾಜುಗಳ ನಡುವೆ ಚೆಂಡಿನ ಹಾಗೆ ಪುಟಿದು, ಕೊನೆಗೆ ದಿಕ್ಕುತಪ್ಪಿ ಫಿಲ್ಮಿನ ಮೇಲೆಲ್ಲ ಹರಡುತ್ತದೆ. ಅಕ್ಕಚ್ಚು ಅಂದೆನಲ್ಲ, ಅದು ಇದೇ. ಗೋಡೆ ಬೆಳ್ಳಗೆ ಹೊಳೆಯುತ್ತಿದ್ದರೆ, ಆಕಾಶ ತೆರೆದಿದ್ದರೆ ಇನ್ನೂ ಹೆಚ್ಚು.

ಇದಕ್ಕೆ ಮದ್ದು ಆಮೇಲೆ ಬಂತು. ಗಾಜಿನ ಮೇಲೆ ಬೆಳಕಿನ ಅಲೆಯ ಕಾಲು ಭಾಗದಷ್ಟು ತೆಳುವಾದ ಲೇಪ ಕೊಟ್ಟರೆ ಈ ಪ್ರತಿಫಲನ ಬಹುಪಾಲು ಅಡಗುತ್ತದೆ. 1935ರಲ್ಲಿ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಕುಲ ಇದನ್ನು ಮಾಡಿ ತೋರಿಸಿದರು. ಯುದ್ಧ ಮುಗಿದ ಮೇಲೆಯೇ ಅದು ಸಾಮಾನ್ಯರ ಕ್ಯಾಮೆರಾಗಳಿಗೆ ಬಂದದ್ದು. ನಿಮ್ಮ ಮೊಬೈಲನ್ನು ಓರೆ ಹಿಡಿದು ಲೆನ್ಸು ನೋಡಿ, ನೇರಳೆಯೋ ಹಸಿರೋ ಹೊಳಪು ಕಾಣುತ್ತದೆ. ಅದೇ ಲೇಪ. ಈ ಲೆನ್ಸಿನಲ್ಲಿ ನೋಡಿದರೆ ಕಿಟಕಿ ಬೆಳ್ಳಗೆ ಕಾಣುತ್ತದೆ, ಬಣ್ಣವಿಲ್ಲ. ಇಲ್ಲೊಂದು ಸ್ವಾರಸ್ಯ ಇದೆ. ಈ ಮೂರು ಗಾಜಿನ ಜೋಡಣೆಯನ್ನು 1893ರಲ್ಲಿ ರೂಪಿಸಿದವರು ಇಂಗ್ಲೆಂಡಿನ ಡೆನ್ನಿಸ್ ಟೇಲರ್. ಅದೇ ಮನುಷ್ಯ ಇನ್ನೊಂದನ್ನೂ ಗಮನಿಸಿದರು: ವರ್ಷಗಟ್ಟಲೆ ಗಾಳಿಗೆ ಒಡ್ಡಿಕೊಂಡು ಮೈ ಬಣ್ಣಗೆಟ್ಟ ಹಳೆಯ ಲೆನ್ಸುಗಳು ಹೊಸ ಲೆನ್ಸುಗಳಿಗಿಂತ ಹೆಚ್ಚು ಬೆಳಕು ಬಿಡುತ್ತವೆ. ಯಾರೂ ಕೊಡದ ಲೇಪವನ್ನು ಕಾಲವೇ ಕೊಟ್ಟಿರುತ್ತಿತ್ತು.

ಕಪ್ಪು ಬಿಳುಪಿನಲ್ಲಿ ಮೇಷ್ಟ್ರು ಈ ಮಂಕನ್ನು ಕಾಗದದಲ್ಲಿ ಗೆಲ್ಲುತ್ತಿದ್ದರು. ಬ್ರೋಮೈಡ್ ಕಾಗದ ಮೃದು, ಗಡಸು ಅಂತ ನಂಬರಿನ ಲೆಕ್ಕದಲ್ಲಿ ಸಿಗುತ್ತಿತ್ತು. ನೆಗೆಟಿವ್ ಮಂಕಾದರೆ ಗಡಸು ಕಾಗದ. ಕಲರಿನಲ್ಲಿ ಆ ಅನುಕೂಲ ಇರಲಿಲ್ಲ. ಅವರ ಕೈಯಲ್ಲಿದ್ದ ಕೆಲಸದ ಅರ್ಧವನ್ನು ನಾವು ಕಲರ್ ಬೇಕೆಂದು ಹಠ ಮಾಡಿ ಕಿತ್ತುಕೊಂಡು, ಅವರ ಮುಖವನ್ನೂ ನಮ್ಮ ಮುಖವನ್ನೂ ಕಾಣದ ಯಂತ್ರಕ್ಕೆ ಕೊಟ್ಟೆವು. ಆಮೇಲೆ ಬೈದದ್ದು ಅವರನ್ನು.

ಸೂರಿನ ಕೆಳಗಿನ ಮುಖ ಉಳಿದದ್ದರಲ್ಲಿ ಆ ಮಂಕಿಗೂ ಒಂದು ಪಾಲಿದೆ ಅಂತ ನನಗೆ ಅನ್ನಿಸುತ್ತದೆ. ಫಿಲ್ಮಿಗೆ ತೀರಾ ಕಡಿಮೆ ಬೆಳಕು ಬಿದ್ದರೆ ಅದು ದಾಖಲೆ ಮಾಡುವುದೇ ಇಲ್ಲ, ಒಂದು ಹೊಸ್ತಿಲು ದಾಟಬೇಕು. ಲೆನ್ಸಿನೊಳಗೆ ಪುಟಿದು ಹರಡಿದ ಬೆಳಕು ಕತ್ತಲ ಜಾಗಕ್ಕೂ ಒಂದಷ್ಟು ಬಿದ್ದು, ಆ ಹೊಸ್ತಿಲು ದಾಟಿಸುತ್ತದೆ. ಸಿನಿಮಾದವರು ಇದನ್ನು ಬೇಕೆಂದೇ ಮಾಡುತ್ತಾರೆ. ಫಿಲ್ಮಿಗೆ ಒಂದಿಷ್ಟು ಖಾಲಿ ಬೆಳಕು ತೋರಿಸಿ ನೆರಳನ್ನು ಎತ್ತುತ್ತಾರೆ, ಫ್ಲ್ಯಾಶಿಂಗ್ ಅನ್ನುತ್ತಾರೆ. ಆದರೆ ಇದನ್ನು ದೊಡ್ಡದು ಮಾಡಿ ಹೇಳಲಾರೆ. ಹೆಚ್ಚಿನದು ಮೇಷ್ಟ್ರು ಕೊಟ್ಟ ಆ ಎರಡು ಮೆಟ್ಟಿಲು ಬೆಳಕು. ಈಗಿನ ಹುಡುಗರು ಮದುವೆ ಶೂಟಿಂಗಿಗೆ "ವಿಂಟೇಜ್ ಲುಕ್" ಬೇಕು ಅಂತ ಹಳೆಯ ಲೆನ್ಸನ್ನು ದುಬಾರಿ ಬೆಲೆಗೆ ಕೊಳ್ಳುತ್ತಾರೆ. ಮಂಕು ಅವರಿಗೆ ಶೋಕಿ. ಲೇಪ ಇರುವ ಒಂದು ಲೆನ್ಸಿಗೋಸ್ಕರ ಮೇಷ್ಟ್ರು ಆ ಕಾಲದಲ್ಲಿ ಒಂದು ಹೊತ್ತಿನ ಊಟ ಬಿಡುತ್ತಿದ್ದರು.

ಇದನ್ನೆಲ್ಲ ನಾನು 1996ರಲ್ಲೇ ಮೇಷ್ಟ್ರಿಗೆ ಹೇಳಬೇಕಿತ್ತು. ಒಂದು ಕಾಗದ ಬರೆಯಬಹುದಿತ್ತು. ಬರೆಯಲಿಲ್ಲ. ಅಂಗಡಿ, ಮದುವೆ ಸೀಸನ್ನು, ಮಕ್ಕಳ ಫೀಸು, ಹೀಗೆ ನೆವಗಳು. ನಿಜ ಹೇಳಬೇಕೆಂದರೆ, ಬರೆದರೆ ಆರು ರೂಪಾಯಿಯ ವಿಷಯವನ್ನೂ ಬರೆಯಬೇಕಾಗುತ್ತಿತ್ತು. ಇಪ್ಪತ್ತೆಂಟು ವರ್ಷ ಹೀಗೇ ಹೋಯಿತು. ಮೇಷ್ಟ್ರೇ, ಅವತ್ತು ನೀವು ತೆಗೆದ ಫೋಟೋ ಚೆನ್ನಾಗಿತ್ತು. ನೋಡಲು ಬಾರದವರು ನಾವು. ನಾನು ಕೇಳಿದ್ದು ತಪ್ಪಾಯಿತು. ಆ ಪ್ರಿಂಟನ್ನು ದೊಡ್ಡದು ಮಾಡಿ ತಂದಿದ್ದೇನೆ, ಪ್ರದರ್ಶನದ ಕೋಣೆಯ ಬಾಗಿಲ ಎದುರಿಗೇ ಇದೆ. ಕೆಳಗೆ ನಿಮ್ಮ ಹೆಸರು ಬರೆಸಿದ್ದೇನೆ. ಇಷ್ಟು ವರ್ಷ ಶಾಲೆಯ ಯಾವ ಫೋಟೋದ ಕೆಳಗೂ ಅದು ಇರಲಿಲ್ಲ.

ಸಮಿತಿಯವರು ಗಡಿಯಾರ ನೋಡುತ್ತಿದ್ದಾರೆ. ಇನ್ನು ಇವತ್ತಿನ ಕೆಲಸದ ಮಾತು.

ಆರು ತಿಂಗಳ ಹಿಂದೆ ಈ ಕ್ಯಾಮೆರಾ ಬಿಚ್ಚಿಸಿ ಎಣ್ಣೆ ಹಾಕಿಸಿದೆ. ಲೆನ್ಸಿನ ಮುಂದಿನ ಗಾಜಿನಲ್ಲಿ ಸಣ್ಣ ಗೀರುಗಳಿವೆ, ಮೇಷ್ಟ್ರು ಪಂಚೆಯ ತುದಿಯಿಂದ ಒರೆಸಿದ್ದಿರಬೇಕು. ಬೂಸ್ಟು ಮಾತ್ರ ಇಲ್ಲ. ಕೊಡ್ಯಾಕ್ ಗೋಲ್ಡ್ 200 ಅನ್ನುವ ಕಲರ್ ಫಿಲ್ಮು 2022ರಲ್ಲಿ ಈ ಕ್ಯಾಮೆರಾದ 120 ಅಳತೆಯಲ್ಲಿ ಬಂದಿದೆ. ಬೆಂಗಳೂರಿನಿಂದ ಮೂರು ರೀಲು ತರಿಸಿದೆ. ಮೊದಲನೆಯದರಲ್ಲಿ ನಾನೂ ಸೋತೆ. ಕ್ಯಾಮೆರಾದಲ್ಲಿ ರೀಲಿನ ನಂಬರ್ ನೋಡಲು ಒಂದು ಪುಟ್ಟ ಕೆಂಪು ಕಿಟಕಿ ಇದೆ. ಕೆಂಪು ಬೆಳಕು ಕಾಣದ ಹಳೆಯ ಫಿಲ್ಮುಗಳ ಕಾಲದ್ದು ಅದು. ಕಲರ್ ಫಿಲ್ಮಿಗೆ ಕೆಂಪು ಚೆನ್ನಾಗಿಯೇ ಕಾಣುತ್ತದೆ. ಬಿಸಿಲಲ್ಲಿ ನಿಂತು ರೀಲು ತುಂಬಿದೆ, ಮೂಲೆಯಲ್ಲಿ ಕೆಂಪು ಬೊಟ್ಟು ಬಿತ್ತು. 1982ರ ಬೊಟ್ಟು ಎಲ್ಲಿಂದ ಬಂದಿತ್ತು ಅನ್ನುವುದು ಆಗ ಗೊತ್ತಾಯಿತು. ಈಗ ಅಲ್ಲಿ ಕರೆಂಟಿನವರ ಕಪ್ಪು ಟೇಪು ಅಂಟಿಸಿದ್ದೇನೆ.

ಫಿಲ್ಮನ್ನು ಮನೆಯಲ್ಲೇ ತೊಳೆಯುತ್ತೇನೆ. ಡೆವಲಪರ್ 37.8 ಡಿಗ್ರಿಯಲ್ಲಿ 3 ನಿಮಿಷ 15 ಸೆಕೆಂಡು ಇರಬೇಕು, ಅರ್ಧ ಡಿಗ್ರಿ ಆಚೀಚೆಯಾದರೂ ಬಣ್ಣ ಹಾಳು. ಬಚ್ಚಲಿನ ಹಂಡೆಯ ನೀರಿನಲ್ಲಿ ಬಾಟ್ಲಿ ಇಳಿಸಿ, ತಣ್ಣೀರು ಬೆರೆಸುತ್ತಾ ಬೆರೆಸುತ್ತಾ ಆ ಹದ ಹಿಡಿಯುವುದನ್ನು ಕಲಿತಿದ್ದೇನೆ. ನನ್ನ ಮನೆಯವಳು "ಬಾಣಂತಿ ಸ್ನಾನಕ್ಕೂ ಇಷ್ಟು ನೋಡಿರಲಿಲ್ಲ" ಅನ್ನುತ್ತಾಳೆ. ಎರಡನೆಯ ರೀಲು ಚೆನ್ನಾಗಿ ಬಂತು. ಮೂರನೆಯದು ಒಳಗಿದೆ.

ಸಂಜೆ ನಾಲ್ಕೂವರೆಗೆ ಎಲ್ಲರೂ ಬಾವಿಯ ಪಕ್ಕದ ಹೊಂಗೆ ಮರದ ಕೆಳಗೆ ಬನ್ನಿ. ಗೋಡೆಯ ಮುಂದೆ ಅಲ್ಲ. ನೆರಳಿನಲ್ಲಿ ಕಣ್ಣು ಕುಕ್ಕುವುದಿಲ್ಲ, ಹಿಂದೆ ಹೊಳೆಯುವುದು ಏನೂ ಇರುವುದಿಲ್ಲ. ಲೆನ್ಸಿಗೆ ಕಪ್ಪು ಡ್ರಾಯಿಂಗ್ ಶೀಟಿನಿಂದ ಟೊಪ್ಪಿಗೆ ಮಾಡಿದ್ದೇನೆ. ಎಫ್ 8, 1/25. ಅಂದರೆ ನಾನು "ಅಲ್ಲಾಡಬೇಡಿ" ಅಂದಾಗ ನಿಜವಾಗಿಯೂ ಅಲ್ಲಾಡಬಾರದು, ಮೊಬೈಲಿನ ಹಾಗಲ್ಲ. ಹೂವು ಮುಡಿದವರು ಹೂವು ಕಾಣುವ ಹಾಗೆ ನಿಲ್ಲಿ. ಕೊನೆಯಲ್ಲಿ ನಿಲ್ಲುವವರು ಮರದ ಕಾಂಡದ ಹಿಂದಕ್ಕೆ ಸರಿಯಬೇಡಿ, ಜಾಗ ಸಾಲದಿದ್ದರೆ ನನಗೆ ಹೇಳಿ, ನಾನು ಹಿಂದಕ್ಕೆ ಹೋಗುತ್ತೇನೆ.

ಮೇಷ್ಟ್ರೇ, ನೀವು ಈಗಲೇ ಏಳುವುದಕ್ಕೆ ಹೊರಟಿರಿ, ಕ್ಯಾಮೆರಾ ನೋಡೋಣ ಅಂತ. ನೋಡಿ, ಮುಟ್ಟಿ, ಕಿಂಡಿ ಸರಿಯಿದೆಯೇ ಹೇಳಿ. ಆದರೆ ಬಗ್ಗಿ ನೋಡುವ ಕೆಲಸ ಇವತ್ತು ನನ್ನದು. ಪ್ರದರ್ಶನದಲ್ಲಿ ಇನ್ನೂರು ಮುನ್ನೂರು ಫೋಟೋ ಇವೆ, ಒಂದರಲ್ಲೂ ನೀವಿಲ್ಲ. ಮೊದಲ ಸಾಲಿನ ನಡುವೆ ಕೈ ಇರುವ ಕುರ್ಚಿ ಹಾಕಿಸಿದ್ದೇನೆ, ಅದು ನಿಮ್ಮದು. ಶಾಲು ಹೊದ್ದೇ ಇರಿ, ಅಂಚಿನ ಹಸಿರು ಬಣ್ಣ ಚೆನ್ನಾಗಿ ಬರುತ್ತದೆ.

ನಾಲ್ಕೂವರೆ. ಐದು ಗಂಟೆಯಾದರೆ ಬೆಳಕು ಗುಡ್ಡದ ಹಿಂದೆ ಹೋಗುತ್ತದೆ.